ಹರವಿಯ ಮೇಲಿನ ರೆಕಾರ್ಡು

ರೆಕಾರ್ಡ್ ಕೂಡಿಸುವ ಗಂಡಸರನ್ನು ಕಂಡರೆ ನನಗೆ ಮೊದಲಿನಿಂದಲೂ ಹೇಸಿಗೆ. ಚಹಾದ ಬಸಿ ಹಿಡಿಯುವಾಗ ಉಗುರಿನ ಕೊಳೆ ನೋಡಿಕೊಳ್ಳದವರು ರೆಕಾರ್ಡನ್ನು ಮಾತ್ರ ಕರವಸ್ತ್ರದಲ್ಲಿ ಹಿಡಿಯುತ್ತಾರೆ. ಮನೆಯಲ್ಲಿ ಹೆಂಡತಿ ಯಾವ ಬಣ್ಣದ ಸೀರೆ ಉಟ್ಟಿದ್ದಳೆಂದು ಕೇಳಿದರೆ ಗೊತ್ತಿರುವುದಿಲ್ಲ, ಎಂದೋ ಬಂದ ರೆಕಾರ್ಡಿನ ಲೇಬಲ್ಲು ಹಸಿರೋ ನೀಲಿಯೋ ಎಂದು ಮಧ್ಯಾಹ್ನವೆಲ್ಲ ಜಗಳಾಡುತ್ತಾರೆ. ದತ್ತಾತ್ರಿಯೂ ಅಂಥವನೇ. ಅವನ ಪರಿಚಯ ನನಗೆ ಮುಖಕ್ಕಿಂತ ಮೊದಲು ದನಿಯಿಂದ ಆಯಿತು.

೧೯೭೮ರ ಮಾತು. ನಾನು ಹುಮನಾಬಾದಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಬಸವಕಲ್ಯಾಣದಿಂದ ಮುಂಬಯಿಗೆ ಯಾರೇ ಟ್ರಂಕ್ ಕಾಲ್ ಬುಕ್ ಮಾಡಲಿ, ಅದು ನನ್ನ ಬೋರ್ಡಿನ ಮೇಲೆಯೇ ಹಾಯಬೇಕು. ಒಂದು ಕಾಲಿಗೆ ಮೂರೇ ನಿಮಿಷ. ಲೈನ್ ಸರಿಯಿದೆಯೋ ಇಲ್ಲವೋ ಎಂದು ನಡುನಡುವೆ ಕಿವಿಗೊಟ್ಟು ನೋಡುವುದು ನಮ್ಮ ಕೆಲಸ. ಲೈನ್ ಸರಿಯಿದ್ದಾಗಲೂ ಕೇಳುತ್ತಿದ್ದೆವು, ಸುಳ್ಳೇಕೆ ಹೇಳಲಿ.

ದತ್ತಾತ್ರಿ ಬಸವಕಲ್ಯಾಣದಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ. ಪ್ರತಿ ಸೋಮವಾರ ಮುಂಬಯಿಯ ಒಂದು ರೆಕಾರ್ಡ್ ಕಂಪನಿಗೆ ಕಾಲ್ ಹಚ್ಚುತ್ತಿದ್ದ. ಬೇಡಿಕೆ ಒಂದೇ. ಮ್ಯಾಕ್ ಚಂದರ್ ಎಂಬ ಕ್ಲಾರಿನೆಟ್‌ನವನ ಜಾಜ್ ಎಲ್‌ಪಿಯೊಂದನ್ನು ಆ ಕಂಪನಿ ಹಿಂದೊಮ್ಮೆ ಹೊರತಂದು ಮರೆತಿತ್ತು, ಅದನ್ನು ಮತ್ತೆ ತೆಗೆಯಬೇಕು. ಅತ್ತಲಿನ ಕಾರಕೂನ ಆಕಳಿಸುತ್ತ, ವಿಚಾರ ಮಾಡುತ್ತೇವೆ ಅನ್ನುತ್ತಿದ್ದ. ಇತ್ತ ಇವನು ಸರ್, ಸರ್ ಎಂದು ಗೋಗರೆಯುತ್ತಿದ್ದ. ಕೇಳಿ ಕೇಳಿ ನನಗೆ ವಾಕರಿಕೆ ಬಂದಿತ್ತು.

ಒಂದು ಸೋಮವಾರ ಅವನು ಹೊಸ ಮಾತು ತೆಗೆದ. ಮ್ಯಾಕ್ ಚಂದರ್ ಲಂಡನ್ನಿನಲ್ಲಿ ತೀರಿಕೊಂಡಿರಬೇಕು, ಅವನ ನೆನಪಿಗಾದರೂ ರೆಕಾರ್ಡು ತೆಗೆಯಿರಿ ಎಂದ. ನಾನು ಪ್ಲಗ್ ಕಿತ್ತೆ.

ಯಾಕೆಂದರೆ ಮ್ಯಾಕ್ ಚಂದರ್ ಅಂದರೆ ನಮ್ಮಪ್ಪ, ಮಂಠಾಳದ ಮಚ್ಚೇಂದ್ರ. ಅಂದು ಬೆಳಿಗ್ಗೆ ಅಪ್ಪ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ತಿಂದು, ಬ್ಯಾಂಡ್ ಪಾರ್ಟಿಯ ಕೆಂಪು ಕೋಟು ತೊಟ್ಟು ಮದುವೆಗೆ ಬಾರಿಸಲು ಹೋಗಿದ್ದ. ಅಂಥವನನ್ನು ಯಾರೋ ನನ್ನ ಕಿವಿಯಲ್ಲೇ ಕೊಂದರೆ ಸುಮ್ಮನೆ ಕೂಡುವುದು ಹೇಗೆ?

ಮರುದಿನ ಮೊದಲ ಬಸ್ಸಿಗೇ ಆಸಾಮಿ ಹುಮನಾಬಾದಿಗೆ ಬಂದ, ದೂರು ಕೊಡಲು. ನಾನು ಎಕ್ಸ್‌ಚೇಂಜಿನ ಮೆಟ್ಟಿಲ ಮೇಲೆ ಕೂತು ಮಿರ್ಚಿ ಭಜಿ ತಿನ್ನುತ್ತಿದ್ದೆ. ಗುಂಗುರು ಕೂದಲು, ಜಿಡ್ಡು ಹಿಡಿದ ಕಾಲರು, ಕಿಸೆಯಲ್ಲಿ ಟೆಸ್ಟರು. ನಿನ್ನೆ ಮಧ್ಯಾಹ್ನ ಬೋರ್ಡಿನ ಮೇಲೆ ಯಾರಿದ್ದರು ಎಂದು ಗಡುಸಾಗಿ ಕೇಳಿದ. ಬಾಯಿತುಂಬ ಮಿರ್ಚಿ ಇಟ್ಟುಕೊಂಡೇ, ನಾನೇ ಎಂದೆ. ಅವನು ನನ್ನ ಮುಖ ನೋಡಿದ, ಮಿರ್ಚಿ ನೋಡಿದ, ಮತ್ತೆ ಮುಖ ನೋಡಿದ. ತಂದಿದ್ದ ಸಿಟ್ಟು ಎಲ್ಲಿ ಬಿದ್ದುಹೋಯಿತೋ ಎಂಬಂತೆ ಕಿಸೆ ಮುಟ್ಟಿಕೊಂಡ.

"ಲೈನ್ ಯಾಕ ಕಟ್ ಮಾಡಿದ್ರಿ?"

"ಮೂರ್ ಮಿನಿಟ್ ಆಗಿತ್ರಿ."

"ಎರಡೂ ಆಗಿರಲಿಲ್ಲಲ್ರಿ."

"ನಿಮ್ಮ ಮಾತ್ ಕೇಳವರಿಗಿ ಹತ್ತ ಆದಂಗ ಅನಸ್ತದ್ರಿ."

ಅವನು ನಕ್ಕುಬಿಟ್ಟ. ನಕ್ಕರೆ ಎಡಗೆನ್ನೆಯಲ್ಲಿ ಗುಳಿ ಬೀಳುತ್ತಿತ್ತು. ಆ ಗುಳಿಯ ಮೇಲೂ ನನಗೆ ಸಿಟ್ಟು ಬಂತು. ಇಂಥ ಮನುಷ್ಯನಿಗೆ ಅದು ಯಾಕೆ ಬೇಕಿತ್ತು?

ಅಂದಿನಿಂದ ಅವನು ಸೋಮವಾರಕ್ಕೊಮ್ಮೆ ಹುಮನಾಬಾದಿಗೇ ಬಂದು, ಎಕ್ಸ್‌ಚೇಂಜಿನ ಮುಂದಿನ ಬೂತಿನಿಂದ ಮಾತಾಡತೊಡಗಿದ. ಇಲ್ಲಿಂದಾದರೆ ದನಿ ಸ್ವಚ್ಛ ಕೇಳುತ್ತದೆ ಎಂಬುದು ನೆವ. ಕಾಲ್ ಸಿಗುವವರೆಗೆ ಎದುರಿಗಿನ ಪೀರ್ ಪಾಷಾರ ಹೋಟೆಲಿನಲ್ಲಿ ಕೂಡುತ್ತಿದ್ದ. ಪೀರ್ ಪಾಷಾ ಇವನಿಗಿಂತ ದೊಡ್ಡ ಹುಚ್ಚರು. ಗಲ್ಲಾಪೆಟ್ಟಿಗೆಯ ಹಿಂದೆ, ರೇಷ್ಮೆ ಬಟ್ಟೆಯಲ್ಲಿ ಸುತ್ತಿ, ಮ್ಯಾಕ್ ಚಂದರ್‌ನ ಎಲ್‌ಪಿಯ ಕವರು ಇಟ್ಟಿದ್ದರು. ಸಿಕಂದರಾಬಾದಿನ ರದ್ದಿ ಅಂಗಡಿಯಲ್ಲಿ ಸಿಕ್ಕಿತ್ತಂತೆ. ಒಳಗೆ ರೆಕಾರ್ಡಿಲ್ಲ, ಬರೀ ಖಾಲಿ ಕವರು. ಹ್ಯಾಟು ಹಾಕಿದ ಒಬ್ಬ ತರುಣ, ಅರ್ಧ ಮುಖಕ್ಕೆ ಕ್ಲಾರಿನೆಟ್ ಅಡ್ಡ. ಕಣ್ಣು ಮಾತ್ರ ಅಪ್ಪನದೇ.

ಇಬ್ಬರೂ ಆ ಕವರನ್ನು ಮೂಸುತ್ತಿದ್ದರು. ನಿಜಕ್ಕೂ ಮೂಗು ಹಚ್ಚಿ ಮೂಸುತ್ತಿದ್ದರು. ಮುಗ್ಗಲು ವಾಸನೆ, ಇಲಿ ಹಿಕ್ಕೆಯ ಕಲೆ. ನೋಡಿ ನನ್ನ ಚಹಾ ಗಂಟಲಿನಲ್ಲೇ ನಿಂತಿತು. ಒಂದು ದಿನ ಕೇಳಿದೆ, ರೆಕಾರ್ಡಿನಲ್ಲಿ ಏನು ಬಾರಿಸಿದ್ದಾನೆಂದು. ಇಬ್ಬರೂ ಮುಖ ಮುಖ ನೋಡಿಕೊಂಡರು. ಒಬ್ಬರೂ ಕೇಳಿರಲಿಲ್ಲ! ಕೇಳದ ರೆಕಾರ್ಡಿಗಾಗಿ ದತ್ತಾತ್ರಿ ಇಷ್ಟು ಸೋಮವಾರ ಗೋಗರೆದಿದ್ದ.

ಹೇಳಬಹುದಿತ್ತು ನಾನು. ಹೇಳಲಿಲ್ಲ, ಯಾಕೆಂದರೆ ಅಪ್ಪ ಆ ವಿಷಯ ಯಾರ ಮುಂದೆಯೂ ಎತ್ತಬೇಡ ಎಂದಿದ್ದ. ಅಪ್ಪ ಮಿಲಿಟರಿ ಬ್ಯಾಂಡಿನಲ್ಲಿ ಕ್ಲಾರಿನೆಟ್ ಕಲಿತು, ಮುಂಬಯಿಯ ದೊಡ್ಡ ಹೋಟೆಲಿನಲ್ಲಿ ಬಾರಿಸಿ, ಮಚ್ಚೇಂದ್ರ ಎಂಬ ಹೆಸರು ಪೋಸ್ಟರಿಗೆ ಹೊಂದುವುದಿಲ್ಲವೆಂದು ಮ್ಯಾಕ್ ಆದವನು. ಎಲ್‌ಪಿ ಬಂತು, ಒಬ್ಬರೂ ಕೊಳ್ಳಲಿಲ್ಲ. ಹೋಟೆಲಿನವರು ಸಿನೆಮಾ ಹಾಡಿನವರನ್ನು ಕರೆದುಕೊಂಡು ಇವನನ್ನು ಬಿಟ್ಟರು. ಊರಿಗೆ ಮರಳಿದಾಗ, ಮುಂಬಯಿಯಲ್ಲಿ ಹೋಟೆಲಿನಲ್ಲಿದ್ದೆ ಎಂದ. ಎಲ್ಲರೂ ಕಪ್ಪು ಬಸಿ ತೊಳೆಯುತ್ತಿದ್ದನೆಂದು ತಿಳಿದರು. ಅಪ್ಪ ತಿದ್ದಲಿಲ್ಲ. ನಮ್ಮಲ್ಲಿದ್ದ ಒಂದೇ ರೆಕಾರ್ಡು ತಗಡಿನ ಮನೆಯ ಬೇಸಿಗೆಗೆ ಬಾಗಿ ಹಪ್ಪಳದಂತಾಯಿತು. ನಮ್ಮವ್ವ ಸೋನುಬಾಯಿ ಅದನ್ನು ನೀರಿನ ಹರವಿಗೆ ಮುಚ್ಚಳ ಮಾಡಿದಳು.

ಹೇಳದಿರಲು ಇನ್ನೊಂದು ಕಾರಣವೂ ಇತ್ತು. ದತ್ತಾತ್ರಿ ನನ್ನನ್ನು ಬಸ್ ಸ್ಟ್ಯಾಂಡಿನವರೆಗೆ ಬಿಡತೊಡಗಿದ್ದ. ನನಗೆ ಹುರಿಗಡಲೆ ಪುಟಾಣಿ ಸೇರುತ್ತದೆಂದು ಕಿಸೆಯಲ್ಲಿ ತರುತ್ತಿದ್ದ, ಟೆಸ್ಟರಿನ ಜೊತೆಗೇ. ನಾನು ಅದನ್ನು ಒರೆಸಿ ಒರೆಸಿ ತಿನ್ನುವುದನ್ನು ನೋಡಿ ಗುಳಿ ಬೀಳಿಸಿಕೊಂಡು ನಗುತ್ತಿದ್ದ. ನಿಮ್ಮ ದನಿ ಕೇಳಲೆಂದೇ ಕಾಲ್ ಬುಕ್ ಮಾಡುತ್ತೇನೆ ಎಂದು ಒಮ್ಮೆ ನೆಲ ನೋಡುತ್ತ ಹೇಳಿದ. ನನ್ನ ಮನೆಯಲ್ಲಿ ಹರವಿಯ ಮೇಲೆ ಏನಿದೆಯೆಂದು ತಿಳಿದ ಮೇಲೂ ಇವನು ನನ್ನನ್ನೇ ನೋಡುತ್ತಾನೆಯೇ, ಹರವಿಯನ್ನು ನೋಡುತ್ತಾನೆಯೇ? ಅದು ಗೊತ್ತಾಗುವವರೆಗೆ ಬಾಯಿ ಬಿಡಬಾರದೆಂದುಕೊಂಡೆ.

ಆಮೇಲೆ ಒಂದು ಸೋಮವಾರ ಊರಿನಲ್ಲಿ ಯಾರದೋ ಮದುವೆ ಬಂತು.

ನಮ್ಮ ಕಡೆ ಅಕ್ಷತೆಗೆ ಮೊದಲು ಮದುಮಗನನ್ನು ಮೆರವಣಿಗೆಯಲ್ಲಿ ಹನುಮಾನ ಗುಡಿಗೆ ಕರೆತರುತ್ತಾರೆ. ಹೆಣ್ಣಿನವರು ತಂದ ಹೊಸ ಬಟ್ಟೆಯನ್ನು ಗುಡಿಯೊಳಗೆ ತೊಡಿಸುತ್ತಾರೆ. ಅಷ್ಟು ಹೊತ್ತು ಬ್ಯಾಂಡಿನವರು ಹೊರಗೆ ಬಿಸಿಲಿನಲ್ಲಿ. ದೇವರ ಬಾಗಿಲಲ್ಲಿ ಸಿನೆಮಾ ಹಾಡು ಬಾರಿಸುವಂತಿಲ್ಲ. ಸುಮ್ಮನಾಗುವಂತೆಯೂ ಇಲ್ಲ, ಬ್ಯಾಂಡು ನಿಂತರೆ ಖುಷಿಯ ರೊಕ್ಕ ಕೇಳುತ್ತಿದ್ದಾರೆಂದು ಬೀಗರು ಬೈಯುತ್ತಾರೆ. ಆ ನಡುವಿನ ಹೊತ್ತು ಯಾರಿಗೂ ಬೇಡದ ಹೊತ್ತು. ಆಗ ಅಪ್ಪ ತನ್ನದನ್ನು ಬಾರಿಸುತ್ತಿದ್ದ. ಮುಂಬಯಿಯ ಆ ಎಲ್‌ಪಿಯಲ್ಲಿದ್ದ ಎಲ್ಲವನ್ನೂ, ಉದುರಿದ ಹಲ್ಲಿನ ಸಂದಿಯಿಂದ ಗಾಳಿ ಸೋರುತ್ತಿದ್ದರೂ, ಹುಮನಾಬಾದಿನ ಜನ ವರ್ಷಗಟ್ಟಲೆ ಕೇಳಿದ್ದರು. ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ.

ಗುಡಿ ನಮ್ಮ ಎಕ್ಸ್‌ಚೇಂಜಿನ ಪಕ್ಕದಲ್ಲೇ. ಅಂದು ದತ್ತಾತ್ರಿ ಬೂತಿನಲ್ಲಿದ್ದ, ಕಂಪನಿ ಲೈನಿನ ಮೇಲಿತ್ತು. ಹೆಡ್‌ಫೋನಿನ ಕಿವಿಯಲ್ಲಿ ಇವನ ಗೋಗರೆತ, ತೆರೆದ ಕಿವಿಯಲ್ಲಿ ಅಪ್ಪನ ಕ್ಲಾರಿನೆಟ್. ಅತ್ತಲಿನ ಕಾರಕೂನ ಏನೂ ಕೇಳಿಸುತ್ತಿಲ್ಲ ಅಂದ. ದತ್ತಾತ್ರಿ ರಿಸೀವರ್ ಇಳಿಬಿಟ್ಟು ಹೊರಗೆ ಹೋದ.

"ಏ ಮುದುಕಾ, ಬಂದ್ ಮಾಡು. ಇಲ್ಲಿ ಕೆಲಸದ ಮಾತ್ ನಡದದ."

ಎರಡು ರೂಪಾಯಿ ತೆಗೆದು ಅಪ್ಪನ ಕಾಲ ಬಳಿ ಎಸೆದ. ಅಪ್ಪ ಕ್ಲಾರಿನೆಟ್ ಇಳಿಸಿ, ಬಾಯಿ ಒರೆಸಿಕೊಂಡು ನಿಂತ. ಇವನು ಮತ್ತೆ ಬೂತಿಗೆ ಹೋಗಿ, ಸರ್, ಮ್ಯಾಕ್ ಚಂದರ್ ಅಂಥ ಕಲಾವಿದನನ್ನು ಜಗತ್ತು ಮರೆಯಬಾರದು ಸರ್ ಎಂದ.

ಥೂ. ನನಗೆ ಮೈಯೆಲ್ಲ ಹೇಸಿಗೆಯಾಯಿತು. ಅವನ ಪುಟಾಣಿ ತಿಂದ ನನ್ನ ಬಾಯಿಯ ಮೇಲೂ ಹೇಸಿಗೆಯಾಯಿತು. ಪ್ಲಗ್ ಕೀಳಲಿಲ್ಲ. ಮಾತು ಮುಗಿಯುವವರೆಗೆ ಕಾದು, ಹೊರಗೆ ಬಂದು, ಅವನ ಎದುರು ನಿಂತೆ.

"ನೀವು ಹುಡುಕಾಕತ್ತಿದ್ದ ಮ್ಯಾಕ್ ಚಂದರ್ ಅವ್ನೇ ನೋಡ್ರಿ, ಕೆಂಪ್ ಕೋಟಿನಾಂವ. ನಮ್ಮಪ್ಪ. ಅಂವಾ ಬಾರಸಾಕತ್ತಿದ್ದು ಅದೇ ರೆಕಾರ್ಡ್. ನೀವು ಬಂದ್ ಮಾಡಸಿದ್ರಿ."

ಅವನು ತಿರುಗಿ ಕೆಂಪು ಕೋಟಿನ ಕಡೆ ನೋಡಿದ. ಏನೋ ಹೇಳಲು ಬಾಯಿ ತೆರೆದ. ಇನ್ನು ಇತ್ತ ಕಾಲಿಡಬೇಡಿ, ನಿಮ್ಮ ಮುಖ ನೋಡಲು ನನಗೆ ಸಹ್ಯವಿಲ್ಲ ಎಂದು ಒಳಗೆ ಬಂದುಬಿಟ್ಟೆ.

ಮುಂದಿನ ಸೋಮವಾರ ಅವನ ಕಾಲ್ ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ನಾನೋ, ಬೋರ್ಡಿನಲ್ಲಿ ಬಸವಕಲ್ಯಾಣದ ಕಡೆಯ ದೀಪ ಹತ್ತಿದಾಗಲೆಲ್ಲ ಕೈ ಚಾಚುತ್ತಿದ್ದೆ. ಯಾವನೋ ಹತ್ತಿ ವ್ಯಾಪಾರಿಯ ದನಿ ಕೇಳಿ ಮುಖ ಸಿಂಡರಿಸುತ್ತಿದ್ದೆ. ಅಂಥವನ ದಾರಿ ಕಾಯುವ ನನಗಿಂತ ಹೇಸಿ ಯಾರಿದ್ದಾರು ಎಂದು ನನ್ನನ್ನೇ ಬೈದುಕೊಂಡೆ.

ಲಗ್ನದ ಹಂಗಾಮು ಜೋರಾಗಿತ್ತು. ಒಂದು ಸಂಜೆ ಅಪ್ಪ ಉಣ್ಣುತ್ತ, ಬಸವಕಲ್ಯಾಣದ ಕಡೆಯ ಒಬ್ಬ ಹುಚ್ಚ ಬೆನ್ನು ಹತ್ತಿದ್ದಾನೆ ಎಂದ. ಮಾಣಿಕನಗರದ ಮದುವೆಗೆ ಬಂದಿದ್ದ, ಮೋರಖಂಡಿಯ ಮದುವೆಗೂ ಬಂದಿದ್ದ. ಊಟಕ್ಕೆ ಕರೆದರೆ ಬರುವುದಿಲ್ಲ. ಹನುಮಾನ ಗುಡಿಯ ಮುಂದೆ ಮಾತ್ರ ಚಪ್ಪಲಿ ಬಿಟ್ಟು ನಿಲ್ಲುತ್ತಾನೆ, ಅದೂ ಗುಡಿಗೆ ಬೆನ್ನು ಮಾಡಿ, ಅಪ್ಪನ ಕಡೆ ಮುಖ ಮಾಡಿ. ಮೊದಲ ದಿನ ಕಾಲು ಮುಟ್ಟಿ, ಅಂದು ನಿಮ್ಮನ್ನು ಬಂದ್ ಮಾಡಿಸಿದವನು ನಾನೇ, ತಪ್ಪಾಯಿತು ಎಂದನಂತೆ.

ರೆಕಾರ್ಡು ಇದೆಯೇನೆಂದು ಕೇಳಿದನೇ ಎಂದೆ. ಅಪ್ಪ ರೊಟ್ಟಿ ಮುರಿಯುತ್ತಿದ್ದ ಕೈ ನಿಲ್ಲಿಸಿ ನನ್ನನ್ನು ನೋಡಿದ.

"ಏನೂ ಕೇಳಂಗಿಲ್ಲವ್ವಾ. ಇನ್ನೊಮ್ಮೆ ಬಾರಸ್ರಿ ಅಂತಾನ, ಅಷ್ಟ. ಇಷ್ಟ ವರ್ಷ ಆತು, ಹಂಗ ಯಾರೂ ಅಂದಿರಲಿಲ್ಲ."

ಅಪ್ಪನ ಕಣ್ಣು ತುಂಬಿತ್ತು. ನಾನು ನೀರು ತರುವ ನೆವದಲ್ಲಿ ಎದ್ದುಹೋದೆ.

ಕೆಲವು ದಿನಗಳ ಮೇಲೆ ಅಪ್ಪ ಅವನನ್ನು ಮನೆಗೇ ಕರೆತಂದ. ನಾನು ಅಡಿಗೆಮನೆಯ ಬಾಗಿಲ ಹಿಂದೆ ನಿಂತೆ. ಬಿಸಿಲಿನಲ್ಲಿ ಬಂದಿದ್ದ, ನೀರು ಕೇಳಿದ. ಹಿಟ್ಟಿನ ಕೈಯಲ್ಲಿದ್ದ ಅವ್ವ ಅಲ್ಲೇ ಹರವಿಯಿದೆ, ತುಂಬಿಕೋ ಎಂದಳು. ಅವನು ಮುಚ್ಚಳ ಎತ್ತಿದ. ಕರಿಯ, ಬಾಗಿದ, ಸುಣ್ಣದ ಕಲೆಯ ಮುಚ್ಚಳ. ನಡುವೆ ಅರ್ಧ ಅಳಿಸಿದ ಲೇಬಲ್ಲು. ಓದಿದ. ಓದಿದ್ದು ನನಗೆ ಗೊತ್ತಾಯಿತು, ಅವನ ಹೆಬ್ಬೆರಳು ಹೆಸರಿನ ಮೇಲೆಯೇ ನಿಂತಿತ್ತು. ಮೊದಲಿನ ದತ್ತಾತ್ರಿಯಾಗಿದ್ದರೆ ಮೂಗು ಹಚ್ಚಿ ಮೂಸುತ್ತಿದ್ದ.

ಅವನು ಲೋಟ ತುಂಬಿಕೊಂಡು ಮುಚ್ಚಳವನ್ನು ಮೊದಲಿದ್ದಂತೆಯೇ ಹರವಿಯ ಮೇಲಿಟ್ಟ. ಇರುವೆ ಹೋಗದಂತೆ ಸರಿಮಾಡಿಯೂ ಇಟ್ಟ. ಅಪ್ಪ ನೋಡುತ್ತಲೇ ಇದ್ದ. ಬೇಕಿದ್ದರೆ ಒಯ್ಯಿ ಎಂದ.

"ಬ್ಯಾಡ್ರಿ ಮಾಮಾ. ಹರವಿಗಿ ಮುಚ್ಚಳಾ ಬೇಕಲ್ರಿ."

ನೀರು ಕುಡಿದು ಲೋಟ ಇಡುವಾಗ ಬಾಗಿಲ ಸಂದಿಯಲ್ಲಿ ನನ್ನ ಕಣ್ಣು ಸಿಕ್ಕವು. ಅವನು ನಗಲಿಲ್ಲ. ನಗಲು ಅಪ್ಪಣೆ ಇದೆಯೋ ಇಲ್ಲವೋ ಎಂದು ಕೇಳುವವನ ಹಾಗೆ ನಿಂತಿದ್ದ. ನಾನು ಬಾಗಿಲನ್ನು ಮುಂದಕ್ಕೆ ತಳ್ಳಿದೆ, ಪೂರ್ತಿ ಮುಚ್ಚಲಿಲ್ಲ.

ಆ ವಾರವೇ ಮುಂಬಯಿಯಿಂದ ಬಸವಕಲ್ಯಾಣಕ್ಕೆ ಕಾಲ್ ಬಂತು. ಈ ಸಲ ಕಾರಕೂನನಲ್ಲ, ಸಾಹೇಬನೇ. ವಿದೇಶದಲ್ಲಿ ಈಗ ಇಂಥ ಹಳೆಯ ಜಾಜಿಗೆ ಗಿರಾಕಿಗಳಿದ್ದಾರಂತೆ, ಮ್ಯಾಕ್ ಚಂದರ್‌ನನ್ನು ಮತ್ತೆ ತೆಗೆಯುತ್ತಾರಂತೆ. ಕಾಪಿ ಏನಾದರೂ ಇದೆಯೇ ಎಂದು ಕೇಳಿದ. ದತ್ತಾತ್ರಿಯ ದನಿ ಸಣ್ಣಗಿತ್ತು. ಕಾಪಿ ಕೆಟ್ಟಿದೆ ಸರ್, ಆದರೆ ಮನುಷ್ಯ ಬದುಕಿದ್ದಾರೆ, ಈಗಲೂ ಬಾರಿಸುತ್ತಾರೆ, ಮಷೀನು ತಗೊಂಡು ಬರ್ರಿ ಎಂದ. ಸಾಹೇಬ, ಬದುಕಿದ್ದಾನೆಯೇ, ಅದು ತೊಡಕಾಯಿತಲ್ಲ, ಸತ್ತಿದ್ದರೆ ಕಾಗದಪತ್ರದ ಗೋಜಿರುತ್ತಿರಲಿಲ್ಲ ಎಂದು ನಕ್ಕ. ಮದುವೆ ಬ್ಯಾಂಡಿನ ಮುದುಕ ಯಾರಿಗೆ ಬೇಕು, ಆ ಕೆಟ್ಟ ಕಾಪಿಯನ್ನೇ ಕಳಿಸಿ, ಸತ್ತನೆಂದೇ ಬರೆದು ತೆಗೆಯುತ್ತೇವೆ, ಹೌದು ಅನ್ನಿ ಎಂದ.

ನನ್ನ ಕೈ ಪ್ಲಗ್ಗಿನ ಮೇಲೆ ಹೋಗಿತ್ತು. ಆದರೂ ತಡೆದೆ. ಅವನೇನು ಹೇಳುತ್ತಾನೆ ಎಂದು ಕೇಳಬೇಕಿತ್ತು. ಇಷ್ಟು ಸೋಮವಾರ ಗೋಗರೆದ ರೆಕಾರ್ಡು ಒಂದು ಹೌದಿನ ದೂರದಲ್ಲಿತ್ತು.

"ಆಪರೇಟರ್ ಮೇಡಂ," ಅಂದ ದತ್ತಾತ್ರಿ, "ಲೈನ್ ಕಟ್ ಮಾಡ್ರಿ."

ಸರಕಾರಿ ನೌಕರಿಯಲ್ಲಿ ಅಷ್ಟು ಖುಷಿಯಿಂದ ನಾನು ಇನ್ಯಾವ ಪ್ಲಗ್ಗನ್ನೂ ಕಿತ್ತಿಲ್ಲ. ಮುಂಬಯಿ ಹೋಯಿತು. ಬಸವಕಲ್ಯಾಣದ ಲೈನು ಹಾಗೇ ಇತ್ತು, ಅವನ ಉಸಿರು ಕೇಳುತ್ತಿತ್ತು.

"ದ್ರೌಪತಿಯವ್ರ, ಇದ್ದೀರೇನ್ರಿ?"

"ಇದ್ದೀನ್ರಿ."

"ರೆಕಾರ್ಡ್ ಹೋತ್ರಿ."

"ಹೋಗ್ಲಿ."

"ನಿಮ್ಮ ಮನಿಗಿ ಬರಬೇಕಂತೀನ್ರಿ. ನಿಮ್ಮಪ್ಪಗ ನಿಮ್ಮನ್ನ ಕೇಳಬೇಕಂತೀನಿ. ಬರ್ಲೇನು?"

ನನಗೆ ಅಳು ಬಂದಿತ್ತು. ಆಪರೇಟರ್ ಅಳಬಾರದು, ಲೈನಿನಲ್ಲಿ ಕೇಳುತ್ತದೆ.

"ಬರ್ರಿ. ಆದ್ರ ಆ ಕಾಲರ್ ತೊಳಕೊಂಡ್ ಬರ್ರಿ. ನೋಡಿದ್ರ ಹೇಸಿಗಿ ಬರ್ತದ."

ಅತ್ತ ಕಡೆ ಅವನು ನಕ್ಕ. ಗುಳಿ ಬಿದ್ದದ್ದು ನನಗೆ ಇಲ್ಲಿಂದಲೇ ಕಂಡಿತು. ಸೂಪರ್‌ವೈಸರ್ ಬಂದು ಬೆನ್ನ ಹಿಂದೆ ನಿಂತು, ಮೂರು ನಿಮಿಷ ಎಂದೋ ಆಯಿತಲ್ಲಮ್ಮ ಎಂದರು. ಇನ್ನೂ ಆಗಿಲ್ಲ ಸರ್ ಎಂದು ಹೇಳಿ ನಾನು ಲೈನು ಹಾಗೇ ಬಿಟ್ಟೆ.