ಗುಜರಿ ಧಣಿಗೆ ವಿಷ ಹಾಕಿದವರು ಯಾರು?

"ನಿಲ್ಲೋ ಕಳ್ಳ!"

ನಿಲ್ಲುವುದೇ? ನನಗೇನು ತಲೆ ಕೆಟ್ಟಿದೆಯೇ!

ಬೆನ್ನ ಹಿಂದೆ ಧಣಿಯ ಇಬ್ಬರು ಆಳುಗಳು. ಒಬ್ಬನ ಕೈಯಲ್ಲಿ ಕಬ್ಬಿಣದ ಸರಳು, ಇನ್ನೊಬ್ಬನ ಕೈಯಲ್ಲಿ ಸ್ಪ್ಯಾನರ್. ಎರಡೂ ಕಡೆ ತುಕ್ಕು ಹಿಡಿದ ಕಾರುಗಳ ರಾಶಿ. ನನ್ನ ಜೇಬಿನಲ್ಲಿ ಧಣಿಯ ತಿಜೋರಿಯಿಂದ ಆಗಷ್ಟೇ ಕದ್ದ ಮೂರು ಡಬ್ಬಿಗಳು.

ಅಂಗಳದ ಕೊನೆಯಲ್ಲಿ ಕಾರುಗಳನ್ನು ಅಪ್ಪಚ್ಚಿ ಮಾಡುವ ಪ್ರೆಸ್ ಮಷಿನ್. ಅದರ ಬಾಯೊಳಗೆ ಒಂದು ಹಳೇ ಕಾರು. ಕಾರಿನೊಳಗೆ, ಸ್ಟಿಯರಿಂಗಿಗೆ ಕೈ ಕಟ್ಟಿಸಿಕೊಂಡು ಕೂತಿದ್ದವನು... ಧಣಿಯ ಅಳಿಯ!

ನಾನು ಯಾರು ಅಂತೀರಾ? ಪ್ರೈವೇಟ್ ಪತ್ತೇದಾರ. ಹೋದ ತಿಂಗಳು ಈ ಗುಜರಿ ಧಣಿ ನನ್ನನ್ನು ಕರೆಸಿದ್ದ.

"ಯಾರೋ ನಂಗೆ ವಿಷ ಹಾಕ್ತಿದಾರೆ ಕಣಯ್ಯಾ. ಯಾರು ಅಂತ ಹೇಳು ಸಾಕು. ಮಿಕ್ಕಿದ್ದು ನಾನು ನೋಡ್ಕೋತೀನಿ."

ಆಸಾಮಿಯನ್ನು ನೋಡಿದರೆ ನಂಬುವಂತೆಯೇ ಇತ್ತು. ತಲೆಸಿಡಿತ. ವಾಂತಿ. ತುಟಿ ಒಡೆದು ಸಿಪ್ಪೆ ಏಳುತ್ತಿತ್ತು. ಕೂದಲು ತಲೆಗಿಂತ ದಿಂಬಿನ ಮೇಲೇ ಜಾಸ್ತಿ! ಮೂಗಿನಲ್ಲಿ ರಕ್ತ ಶುರುವಾದರೆ ನಿಲ್ಲುತ್ತಲೇ ಇರಲಿಲ್ಲ. ಊಟ, ಹಾಲು, ನೀರು, ಟೂತ್‌ಪೇಸ್ಟು... ಎಲ್ಲವನ್ನೂ ಲ್ಯಾಬಿಗೆ ಕಳಿಸಿದೆ. ಏನೂ ಸಿಗಲಿಲ್ಲ. ಊಟವನ್ನಂತೂ ಮೊದಲು ಡ್ರೈವರ್ ತಿಂದು, ಬದುಕಿ ತೋರಿಸಬೇಕಿತ್ತು. ಆ ಕೆಲಸ ಸಿಕ್ಕಮೇಲೆ ಡ್ರೈವರ್ ಮೈಕೈ ತುಂಬಿಕೊಂಡ, ಧಣಿ ಮಾತ್ರ ಒಣಗುತ್ತ ಹೋದ.

ಇವತ್ತು ಬೆಳಿಗ್ಗೆ ಅಳಿಯ ಸಿಕ್ಕಿಬಿದ್ದ. ಬಸುರಿ ಮಗಳಿಗೆ ಧಣಿ ಕೈಯಾರೆ ಕೊಟ್ಟ ಕ್ಯಾಪ್ಸೂಲುಗಳನ್ನು ಕದ್ದುಮುಚ್ಚಿ ಬಚ್ಚಲಿಗೆ ಸುರಿಯುತ್ತಿದ್ದನಂತೆ. ಯಾಕೆಂದು ಕೇಳಿದರೆ ಬಾಯಿ ಬಿಡಲಿಲ್ಲ. ಮಾವನ ಮುಂದೆ ಅವನ ಬಾಯಿ ಮದುವೆಯ ದಿನವೇ ಬಂದ್ ಆಗಿತ್ತು.

"ಇದಕ್ಕೆ ಕೈ ಹಾಕಿದವನು ನನ್ನ ಊಟಕ್ಕೆ ಕೈ ಹಾಕದೆ ಬಿಡ್ತಾನಾ?" ಎಂದು ಧಣಿ ತೀರ್ಪು ಕೊಟ್ಟುಬಿಟ್ಟ.

ನಾನು ಮಗಳ ಹತ್ತಿರ ಓಡಿದೆ.

"ಡಾಕ್ಟರು ಅದನ್ನ ಮುಟ್ಟಲೇಬೇಡಿ ಅಂದ್ರು ಅಣ್ಣಾ," ಅವಳು ಬಿಕ್ಕಿದಳು. "ಅಪ್ಪಂಗೆ ಹೇಳೋ ಧೈರ್ಯ ಯಾರಿಗಿದೆ? ಇವ್ರು ಚೆಲ್ತಿದ್ರು, ನಾನು ನುಂಗ್ದೆ ಅಂತಿದ್ದೆ."

"ಅಪ್ಪ ಅದನ್ನ ಎಲ್ಲಿಟ್ಟಿರ್ತಾರೆ?"

"ತಿಜೋರೀಲಿ. ಬೇರೆ ಯಾರನ್ನೂ ಮುಟ್ಟೋಕೆ ಬಿಡಲ್ಲ."

ಬೀಗ ತೆಗೆಯುವುದು ನನಗೆ ನೀರು ಕುಡಿದಷ್ಟು ಸಲೀಸು. ಡಬ್ಬಿಗಳ ಮೇಲಿನ ಲೇಬಲ್ ಓದಿದೆ. ನಗು ಬಂತು. ಅಷ್ಟರಲ್ಲಿ ಆಳುಗಳು ಬಂದರು. ಕಿಟಕಿಯಿಂದ ಹಾರಿದೆ...

ಮಷಿನ್ ಹತ್ತಿರ ಬರುವಷ್ಟರಲ್ಲಿ ಸರಳು ನನ್ನ ಹೆಗಲಿಗೆ ಅಪ್ಪಳಿಸಿತು. ಮಣ್ಣು ಮುಕ್ಕಿದೆ. ಮಷಿನ್ ಪಕ್ಕ ನಿಂತಿದ್ದ ಧಣಿ ಹಸಿರು ಬಟನ್ ಒತ್ತಿದ. ಮೇಲಿನ ದಪ್ಪ ಹಲಗೆ ಇಳಿಯತೊಡಗಿತು.

"ನಿಲ್ಸಿ ಧಣಿ! ವಿಷ ಸಿಕ್ತು!"

"ಎಲ್ಲಿ?"

"ನಿಮ್ಮ ತಿಜೋರೀಲೇ!"

ನಾನು ಜೇಬಿನಿಂದ ತೆಗೆದ ಡಬ್ಬಿಗಳನ್ನು ನೋಡಿ ಧಣಿ ಕೆಂಡವಾದ. "ಲೋ! ಇವಿರೋದಕ್ಕೇ ನಾನಿನ್ನೂ ಬದುಕಿರೋದು! ಒಂದು ಕಣ್ಣಿಗೆ, ಒಂದು ಕೂದಲಿಗೆ, ಒಂದು ಚರ್ಮಕ್ಕೆ!"

"ಹೆಸರು ಬೇರೆ, ಮಾಲು ಒಂದೇ! ಮೂರರಲ್ಲೂ ವಿಟಮಿನ್ ಎ, ವಿಟಮಿನ್ ಇ. ಕೂದಲು ಉದುರಿದಾಗ ಏನ್ಮಾಡಿದ್ರಿ?"

"ಎರಡೆರಡು ನುಂಗ್ದೆ."

"ತುಟಿ ಒಡೆದಾಗ?"

"...ಇನ್ನೂ ಸ್ವಲ್ಪ ಜಾಸ್ತಿ."

ಕಾರಿನ ಟಾಪು ಕಿರುಗುಟ್ಟಿತು. ಅಳಿಯ ಕಿರುಚಲಿಲ್ಲ. ಮಾವನೆದುರು ಗಂಟಲೆತ್ತಿ ಅಭ್ಯಾಸವಿಲ್ಲವಲ್ಲ!

"ವಿಟಮಿನ್ ಎ ಅತಿಯಾದ್ರೂ ಕೂದಲು ಉದುರುತ್ತೆ ಧಣಿ! ಹೆಚ್ಚಾಗಿದ್ದು ಮೂತ್ರದಲ್ಲಿ ಹೋಗಲ್ಲ, ಲಿವರಲ್ಲೇ ಠಿಕಾಣಿ ಹೂಡುತ್ತೆ. ಹಾರ್ಟಿಗೆ ಅಂತ ರಕ್ತ ತೆಳು ಮಾಡೋ ಮಾತ್ರೆ ಬೇರೆ ತಗೋತೀರಿ. ಅದರ ಮೇಲೆ ಇಷ್ಟೊಂದು ವಿಟಮಿನ್ ಇ ಸುರಿದ್ರೆ ಮೂಗಿನ ರಕ್ತ ನಿಲ್ಲುತ್ತಾ?"

"ವಿಟಮಿನ್ ಕಣೋ ಅದು! ವಿಟಮಿನ್ ಯಾರಿಗೆ ಏನು ಮಾಡುತ್ತೆ?"

"ನಿಮ್ಮ ಮೊಮ್ಮಗುವಿಗೆ ಮಾಡ್ತಿತ್ತು!"

ಧಣಿ ನನ್ನ ಕೈಯಿಂದ ಒಂದು ಡಬ್ಬಿ ಕಸಿದು ಕಣ್ಣಿಗೆ ಹಿಡಿದ.

"ಹೊಟ್ಟೇಲಿರೋ ಮಗುವಿಗೆ ಇಷ್ಟು ವಿಟಮಿನ್ ಎ ಹೋದ್ರೆ ಅಂಗಾಂಗ ನೆಟ್ಟಗೆ ಬೆಳೀದೆ ಹೋಗಬಹುದಂತೆ. ನಿಮ್ಮ ಮಗಳ ಡಾಕ್ಟರೇ ಹೇಳಿದಾರೆ. ಅದಕ್ಕೇ ಈ ಪಾಪದವನು ಬಚ್ಚಲಿಗೆ ಸುರೀತಿದ್ದಿದ್ದು!"

ಧಣಿ ಕೆಂಪು ಬಟನ್ ಒತ್ತಲಿಲ್ಲ. ಅದರ ಮೇಲೆ ಬಿದ್ದೇಬಿಟ್ಟ!

ಮಷಿನ್ ನಿಂತಿತು. ಗಾಜು ಒಡೆದು ಅಳಿಯನನ್ನು ಹೊರಗೆಳೆದೆವು. ಅವನ ಮೊದಲ ಮಾತೇನು ಗೊತ್ತೇ?

"ತಪ್ಪಾಯ್ತು ಮಾವ."

ನನಗೆ ಮೈಯೆಲ್ಲ ಉರಿಯಿತು. ಅಪ್ಪಚ್ಚಿಯಾಗಬೇಕಿದ್ದವನೇ ಕ್ಷಮೆ ಕೇಳುವುದೇ! ಧಣಿ ಮಾತ್ರ ಅವನನ್ನು ತಬ್ಬಿಕೊಂಡು ಗಳಗಳನೆ ಅತ್ತ. ಆ ಕಠಿಣ ಆಸಾಮಿ ಅಳುವುದನ್ನು ಕಂಡು ನನ್ನ ಕಣ್ಣೂ ಒದ್ದೆಯಾಯಿತು, ಸುಳ್ಳೇಕೆ ಹೇಳಲಿ.

ಆಸ್ಪತ್ರೆಯಲ್ಲಿ ಡಾಕ್ಟರು ಮೂರೂ ಡಬ್ಬಿಗಳನ್ನು ಕಿತ್ತುಕೊಂಡರು. ಲಿವರ್ ಪೆಟ್ಟು ತಿಂದಿದೆ, ನಿಧಾನಕ್ಕೆ ಸುಧಾರಿಸುತ್ತದೆ, ಇನ್ನು ಮುಂದೆ ಕೇಳದೆ ಒಂದು ಗುಳಿಗೆಯನ್ನೂ ಮುಟ್ಟಕೂಡದು ಎಂದು ಗದರಿಸಿ ಹೋದರು. ಅವರು ಅತ್ತ ಹೋದದ್ದೇ ತಡ, ಧಣಿ ನನ್ನ ಕಾಲರ್ ಹಿಡಿದ.

"ನಂಗೆ ಮೋಸ ಮಾಡಿದಾರೆ! ಆ ಕಂಪನಿಯವನ್ನ ಹಿಡ್ಕೊಂಡು ಬಾ!"

"ಅವನ ತಪ್ಪೇನು? ಡಬ್ಬಿ ಮೇಲೇ ಬರೆದಿದಾನೆ. ದಿನಕ್ಕೆ ಒಂದೇ ಅಂತ. ಬಸುರಿಯಾಗಿದ್ರೆ, ಬೇರೆ ಮಾತ್ರೆ ತಗೋತಿದ್ರೆ ಮೊದಲು ಡಾಕ್ಟರನ್ನ ಕೇಳಿ ಅಂತ."

"ಅಷ್ಟು ಸಣ್ಣ ಅಕ್ಷರ ಯಾವನಿಗೆ ಕಾಣುತ್ತಯ್ಯಾ?"

"ಕಣ್ಣಿಗೆ ಅಂತ ತಾನೇ ಧಣಿ, ಅಷ್ಟೊಂದು ನುಂಗಿದ್ದು!"