ಬಿಸಿಲು ನುಂಗುವ ಮುಲಾಮು

"ಏನವಾ ಇದು? ಹಿಟ್ಟಿನ ಡಬ್ಬ್ಯಾಗ ಮಾರಿ ತುರುಕಿದ್ದಿಯೇನ?"

ಭರಮಪ್ಪ ಮಾಸ್ತರರು ಕೇಳಿದ್ದೇ ತಡ, ಇಡೀ ಐದನೆಯ ಇಯತ್ತೆ ಬಿದ್ದು ಬಿದ್ದು ನಕ್ಕಿತು. ಅಡಿವೆವ್ವ ಮುಖ ಒರೆಸಿಕೊಂಡಳು. ಬೆವರಿಗೆ ಕರಗಿದ ಬಿಳಿ ಮುಲಾಮು ಗಲ್ಲದ ಮೇಲೆ ಗೆರೆಗೆರೆಯಾಗಿ ಇಳಿಯುತ್ತಿತ್ತು.

ಜನವರಿ ಇಪ್ಪತ್ತಾರಕ್ಕೆ ಶಾಲೆಯಲ್ಲಿ ನಾಟಕ. ರಾಣಿಯ ಮಾತೆಲ್ಲ ಅಡಿವೆವ್ವನಿಗೆ ಬಾಯಿಪಾಠ. ಅವಳು ಕೊಟ್ಟಿಗೆಯಲ್ಲಿ ಹೇಳಿ ಹೇಳಿ ಎಮ್ಮೆಗೂ ಅರ್ಧ ಬರುತ್ತಿದ್ದಿರಬೇಕು. ಆದರೆ ಮಾಸ್ತರರ ಪ್ರಕಾರ ರಾಣಿ ಎಂದರೆ ಕೆಂಪಗೆ, ಅಂದರೆ ಬೆಳ್ಳಗೆ, ಇರಬೇಕು. ರಾಜನಿಗೆ ಮಾತ್ರ ಆ ನಿಯಮ ಇರಲಿಲ್ಲ. ರಾಜನ ಪಾತ್ರ ಮಾಸ್ತರರ ಮಗನದು, ಅವನದು ರೊಟ್ಟಿ ಹಂಚಿನ ಬಣ್ಣ.

"ನೀ ದಾಸಿ ಆಗು. ಬೀಸಣಿಕಿ ಹಿಡಕೊಂಡು ನಿಂತರಾತು, ಮಾತ ಇಲ್ಲ" ಎಂದು ಮಾಸ್ತರರು ದೊಡ್ಡ ಉಪಕಾರ ಮಾಡಿದರು.

ಮುಲಾಮು ಸುಶೀಲಾಳದು. ಎಳೆ ಜೋಳದ ತೆನೆ ಸುಟ್ಟು ತಿನ್ನುವ ಸೀತನಿಗೆಂದು ನೀಲಪ್ಪ ಕಾಕಾ ಮಗಳನ್ನು ಕರೆದುಕೊಂಡು ಮುಂಬಯಿಯಿಂದ ಆಡೂರಿಗೆ ಬಂದಿದ್ದರು. ಸುಶೀಲಾ ಕೆಂಪಗೆ ಇದ್ದಾಳೆ, ಸುಶೀಲಾ ದಿನಾ ಮುಲಾಮು ಹಚ್ಚುತ್ತಾಳೆ. ಇನ್ನೇನು ಬೇಕು? ಅಡಿವೆವ್ವ ಕದ್ದು ಕದ್ದು ಬಳಿದುಕೊಂಡಳು. ಟ್ಯೂಬು ಖಾಲಿಯಾಯಿತು. ಬಣ್ಣ ಇದ್ದಲ್ಲೇ ಇತ್ತು.

ಮನೆಗೆ ಬಂದರೆ ಸುಶೀಲಾ ಅಳುತ್ತಿದ್ದಳು. ನಿನ್ನೆಯ ಬಿಸಿಲಿಗೆ ಅವಳ ಮೂಗು ಬ್ಯಾಡಗಿ ಮೆಣಸಿನಕಾಯಿಯಂತೆ ಕೆಂಪಾಗಿ ಸಿಪ್ಪೆ ಏಳುತ್ತಿತ್ತು.

"ನಾ ಸೀತನಿಗೆ ಬರಂಗಿಲ್ಲ. ಮುಲಾಮು ತೀರೇತಿ. ಮಾರಿ ಉರಿತೈತಿ!"

ಅಡಿವೆವ್ವ ಕಾಕಾನ ಹತ್ತಿರ ಸರಿದಳು. "ಅದು ಕೆಂಪಗ ಆಗೂ ಮುಲಾಮು ಅಲ್ಲೇನ ಕಾಕಾ?" ಎಂದು ಮೆಲ್ಲಗೆ ಕೇಳಿದಳು.

ಕಾಕಾ ಔಷಧ ಫ್ಯಾಕ್ಟರಿಯಲ್ಲಿದ್ದವರು. ಕೇಳದಿದ್ದರೂ ಪಾಠ ಮಾಡುವವರು, ಕೇಳಿದರೆ ಬಿಡುತ್ತಾರೆಯೇ?

"ಅಲ್ಲವಾ. ಬಿಸಲಾಗ ಕಣ್ಣಿಗೆ ಕಾಣದ ಕಿರಣ ಇರತಾವ. ನೇರಳಾತೀತ ಅಂತ ಹೆಸರು. ಚರ್ಮ ಸುಡೂದು ಅವ. ಈ ಮುಲಾಮಿನ ಅಣು ಆ ಕಿರಣ ನುಂಗತೈತಿ. ನುಂಗಿ ಗಡಗಡ ನಡಗತೈತಿ. ನಡಗಿ, ಬರೇ ಕಾವು ಮಾಡಿ ಹೊರಗ ಬಿಡತೈತಿ. ಆಮ್ಯಾಲೆ ಮೊದಲಿನಂಗ ಆಗಿ, ಮತ್ತೊಂದು ಕಿರಣಕ್ಕ ಬಾಯಿ ತೆರೀತೈತಿ."

"ಅಷ್ಟ?"

"ಅಷ್ಟ. ಹಚ್ಚಿದ್ದು ಬೆವರಿಗೆ ಹೋತಂದ್ರ ಮತ್ತ ಹಚ್ಚಬೇಕು. ನಿನಗ ಆ ತ್ರಾಸ ಕಡಿಮಿ. ನಿನ್ನ ಚರ್ಮದಾಗಿನ ಕರೀ ಬಣ್ಣಾನೂ ಇದ ಕೆಲಸ ಮಾಡತೈತಿ. ಕಿರಣ ನುಂಗೂದು, ಕಾವು ಮಾಡಿ ಬಿಡೂದು. ಅದೂ ಪುಕ್ಕಟೆ!"

ಅಡಿವೆವ್ವ ತನ್ನ ಮುಂಗೈ ನೋಡಿಕೊಂಡಳು. ಇಷ್ಟು ವರ್ಷ ಅದು ಹೇಳದೆ ಕೇಳದೆ ದುಡಿಯುತ್ತಿತ್ತು. ತಾನೋ, ಅದರ ಮೇಲೆ ಕದ್ದ ಮುಲಾಮು ಬಳಿದಿದ್ದಳು. ಅವಳಿಗೆ ನಾಚಿಕೆಯಾಯಿತು.

"ಸುಶೀಲಾ, ನಿನ್ನ ಮುಲಾಮು ನಾನ ಖಾಲಿ ಮಾಡೇನಿ."

ಸುಶೀಲಾ ಅವಳ ಬೆನ್ನಿಗೆ ಒಂದು ಗುದ್ದು ಗುದ್ದಿದಳು. ಅಡಿವೆವ್ವ ಸುಮ್ಮನೆ ಗುದ್ದಿಸಿಕೊಂಡಳು. ಆಮೇಲೆ ಅವ್ವನ ಹಳೆಯ ಸೀರೆಯ ತುಂಡನ್ನು ಸುಶೀಲಾಳ ತಲೆಗೆ, ಮೂಗಿಗೆ ಸುತ್ತಿ ಹೊಲಕ್ಕೆ ಕರೆದುಕೊಂಡು ಹೋದಳು. ಬಿಸಿಲು ಬೀಳುವ ಕಡೆ ತಾನು ಕೂತು, ಅವಳನ್ನು ತನ್ನ ನೆರಳಿನಲ್ಲಿ ಕೂರಿಸಿಕೊಂಡಳು. ಬಿಸಿ ಕಾಳು ತಿಕ್ಕಿ ತಿಕ್ಕಿ ಅವಳ ಬೊಗಸೆಗೆ ಹಾಕಿದಳು.

ಮರುದಿನ ತಾಲೀಮಿನಲ್ಲಿ ಮಾಸ್ತರರು ಆರಿಸಿದ ಕೆಂಪು ರಾಣಿ ಮೂರನೆಯ ಮಾತಿಗೇ ನಿಂತುಬಿಟ್ಟಳು. ಮಾಸ್ತರರು ತಲೆ ಚಚ್ಚಿಕೊಂಡರು. ಅಡಿವೆವ್ವ ಬೀಸಣಿಗೆ ಕೆಳಗಿಟ್ಟು ಮುಂದೆ ಬಂದಳು. ಅವತ್ತು ಮುಖಕ್ಕೆ ಬರೀ ನೀರು ಹಾಕಿ ತೊಳೆದಿದ್ದಳು.

"ಏ, ನೀ ಎಲ್ಲಿ ಬಂದಿ? ರಾಣಿ ಕೆಂಪಗಿರತಾಳ!"

"ಈ ರಾಣಿ ದಿನಾ ಹೊಲಕ್ಕ ಹೋಗತಿದ್ದಳ್ರಿ ಸರ."

ಮಾಸ್ತರರು ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ರಾಣಿ ಮಾತು ಶುರು ಮಾಡಿದ್ದಳು.