ಕಡಿದ ಏರಿ, ಹೂತಿಟ್ಟ ಮೀನು

ಪ್ರವಾಹ ಋತುವಿನ ಮೂರನೆಯ ತಿಂಗಳು, ಆರನೆಯ ದಿನ. ಸೂರ್ಯ ಹುಟ್ಟಿದ ಸ್ವಲ್ಪ ಹೊತ್ತಿಗೆ ನೈಲ್ ದಂಡೆಯ ನರಿ ಜಿಲ್ಲೆಯ ಠಾಣೆಗೆ ಕಾಲುವೆ ಮೇಲ್ವಿಚಾರಕ ಓಡಿಬಂದು ದೂರು ಕೊಟ್ಟ. ಉತ್ತರದ ಗಡಿ ಏರಿಯನ್ನು ರಾತ್ರಿ ಯಾರೋ ಕಡಿದಿದ್ದಾರೆ, ನಮ್ಮ ಹೊಲದ ನೀರು ಪಕ್ಕದ ಮೀನಿನ ಜಿಲ್ಲೆಗೆ ಹರಿಯುತ್ತಿದೆ ಎಂಬುದು ದೂರಿನ ಸಾರಾಂಶ. ಠಾಣಾಧಿಕಾರಿ ಸೆನ್ಬಿ ಪ್ರಥಮ ವರ್ತಮಾನ ವರದಿ ಬರೆಸಿದ.

ಪ್ರತಿವರ್ಷ ನಮ್ಮ ಹೊಲ ತಣಿದ ಮೇಲೆ ಆ ಏರಿಯನ್ನು ನಾವೇ ತೆರೆಯುತ್ತಿದ್ದೆವು. ಈ ವರ್ಷ ನೈಲ್ ಸರಿಯಾಗಿ ಉಕ್ಕದೆ ಕೈಕೊಟ್ಟಿತು. ಜಿಲ್ಲಾಧಿಪತಿ ಅಂಖು ಒಂದು ಹನಿಯೂ ಆಚೆ ಹೋಗಕೂಡದು ಎಂದಿದ್ದ. ಹೀಗಾಗಿ ಅನುಮಾನ ಯಾರ ಮೇಲೆ ಎಂದು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

“ಮೀನಿನವರೇ. ಇನ್ಯಾರು?” ಎಂದ ಅಂಖು. ಈಟಿ ಹಿಡಿದ ಆಳುಗಳು ಅವರ ಮೇಲೆ ದಾಳಿಗೆಂದು ಆಗಲೇ ದೋಣಿ ಹತ್ತುತ್ತಿದ್ದರು. ಏರಿಯ ಕಾವಲುಗಾರ ಇಪಿಯನ್ನು ಕಂಬಕ್ಕೆ ಕಟ್ಟಿದ್ದರು. ಸಂಜೆಯೊಳಗೆ ಕಳ್ಳ ಸಿಗದಿದ್ದರೆ ನಿದ್ದೆ ಹೊಡೆದ ತಪ್ಪಿಗೆ ಅವನ ಮೂಗು ಕೊಯ್ದು ಗಡಿಯಾಚೆ ಅಟ್ಟುವುದೆಂದು ಆಜ್ಞೆಯಾಗಿತ್ತು.

ಎಲ್ಲರೂ ಒಂದೇ ಕಡೆ ಬೊಟ್ಟು ಮಾಡಿದರೆ ಸೆನ್ಬಿಗೆ ಮೈಯೆಲ್ಲ ಕಡಿತ. ಅವನು ಪೇದೆ ಖುಯಿಯನ್ನು ಕರೆದುಕೊಂಡು ಏರಿಗೆ ಹೋಗಿ ಇಬ್ಬರು ರೈತರ ಎದುರು ಪಂಚನಾಮೆ ಶುರುಮಾಡಿದ. ಗುದ್ದಲಿ ಏಟು ಬಿದ್ದಿದ್ದು ನಮ್ಮ ಕಡೆಯಿಂದ. ಪಕ್ಕದಲ್ಲೇ ಹೊಸ ಮಣ್ಣಿನ ಪುಟ್ಟ ಗುಡ್ಡೆ ಇತ್ತು. ಖುಯಿ ಕೆದಕಿದ. ಬಿಳಿ ನಾರುಬಟ್ಟೆಯಲ್ಲಿ ಸುತ್ತಿಟ್ಟ ಉದ್ದಮೂತಿಯ ಮೀನು!

“ಸಿಕ್ಕಿಬಿದ್ರು ನನ್ಮಕ್ಳು!” ಎಂದು ಖುಯಿ ಕುಣಿದ. “ಅವರ ದೇವರಲ್ವಾ ಸಾಹೇಬ್ರೇ ಈ ಮೀನು? ಹೆಣದ ಥರ ಸುತ್ತಿ ಹೂತವ್ರೆ.”

“ಮೂಸು.”

“ಏನು?”

“ಮೂಸಯ್ಯಾ. ಏನು ವಾಸನೆ?”

ಖುಯಿ ಮೂಸಿದ. “ಕೊತ್ತಂಬರಿ ಬೀಜ. ಹುರಿದವ್ರೆ.”

“ದೇವರನ್ನ ಯಾರಾದ್ರೂ ಮಸಾಲೆ ಹಾಕಿ ಹುರೀತಾರೇನೋ? ಇದು ನಮ್ಮ ಕಡೆ ಒಲೆ ಮೇಲೆ ಬೆಂದಿದ್ದು. ಆದ್ರೆ ನಮ್ಮವರಾಗಿದ್ರೆ ತಿಂದು ಮುಳ್ಳು ಬಿಸಾಕ್ತಿದ್ರು.”

ಖುಯಿಯ ಮುಖ ಇಳಿಯಿತು.

ಸೆನ್ಬಿ ನೇರ ಕಂಬದ ಹತ್ತಿರ ಬಂದ. ಇಪಿಯ ತುಟಿ ಒಡೆದಿತ್ತು.

“ನಿನ್ನೆ ಊಟ ಯಾರು ತಂದ್ರು?”

“ನನ್ನ ಹೆಂಡ್ತಿ, ಹೆನೂತ್.”

“ಏನು ತಂದ್ಳು?”

“ರೊಟ್ಟಿ, ಈರುಳ್ಳಿ. ಬಿಯರು ಸ್ವಲ್ಪ ಜಾಸ್ತೀನೇ ಇತ್ತು. ಬೆಳಿಗ್ಗೆ ಮೀನು ಹಿಡಿದು ಕೊಟ್ಟಿದ್ದೆ, ಸೀದುಹೋಯ್ತು ಅಂದ್ಳು.”

“ಅವಳ ತವರು ಯಾವುದು?”

ಇಪಿ ಕತ್ತು ಹೊರಳಿಸಿ ಏರಿಯಾಚೆ, ಮೀನಿನ ಜಿಲ್ಲೆಯ ಕಡೆ ನೋಡಿದ.

ಹೆನೂತ್ ಅಂಗಳದಲ್ಲಿ ಕಾಳು ಬೀಸುತ್ತಿದ್ದಳು. ಪೊಲೀಸರನ್ನು ಕಂಡರೂ ಕೈ ನಿಲ್ಲಿಸಲಿಲ್ಲ.

“ಗುದ್ದಲಿ ಎಲ್ಲಿದೆ ತಾಯಿ?”

“ಯಾರೋ ಒಯ್ದಿರ್ಬೇಕು.”

“ಸಂಜೆಗೆ ನಿನ್ನ ಗಂಡನ ಮೂಗು ಕೊಯ್ತಾರೆ.”

ಬೀಸುವ ಕಲ್ಲು ನಿಂತಿತು. “ನಾಲ್ಕು ಏಟು ಬೀಳುತ್ತೆ ಅಂದ್ಕೊಂಡಿದ್ದೆ ಸ್ವಾಮಿ. ಅಷ್ಟೇ ಅಂದ್ಕೊಂಡಿದ್ದೆ. ಅವನಿಗೇನೂ ಗೊತ್ತಿಲ್ಲ, ರಾಜನಾಣೆ. ಗೊತ್ತಿದ್ರೆ ನನ್ನ ಕೈ ಮುರೀತಿದ್ದ.”

“ಮೀನನ್ನ ಯಾಕೆ ಹೂತೆ?”

“ಮದುವೆಯಾದಾಗಿಂದ ಬೇಯಿಸಿದೀನಿ, ಒಂದಿನಾನೂ ಬಾಯಿಗಿಟ್ಟಿಲ್ಲ. ನಿನ್ನೆ ಬುಟ್ಟೀಲಿ ಅದನ್ನ ಇಟ್ಕೊಂಡು, ಅದರ ಜನಕ್ಕೇ ನೀರು ಬಿಡೋಕೆ ಕೈ ಬರ್ಲಿಲ್ಲ.” ಅವಳು ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡಳು. “ನಮ್ಮಮ್ಮ ಬಿತ್ತನೆ ಕಾಳನ್ನೇ ಬೇಯಿಸಿಕೊಂಡು ತಿಂತಿದಾಳೆ ಅಂತ ಸುದ್ದಿ ಬಂತು. ಇಲ್ಲಿ ನೀರು ಮೊಣಕಾಲುದ್ದ ನಿಂತಿದೆ.”

ಅದೇ ಮಧ್ಯಾಹ್ನ ಅವಳ ಬಂಧನವಾಯಿತು. ರಾಜಧಾನಿಯ ಮಹಾಮಂತ್ರಿಯ ಕಟಕಟೆಗೆ ಅವಳನ್ನು ಒಯ್ಯಬೇಕಿತ್ತು. ಈಟಿಯವರು ಪೆಚ್ಚು ಮೋರೆ ಹಾಕಿಕೊಂಡು ಇಳಿದ ದೋಣಿಗೇ ಅವಳನ್ನು ಹತ್ತಿಸಿದರು. ಇಪಿ ದಡದಲ್ಲಿ ನಿಂತು ಮಗುವಿನಂತೆ ಅತ್ತ. ಅವಳು ಅವನ ಮೂಗನ್ನೇ ನೋಡುತ್ತಾ ಹೋದಳು.

ಬಿಡುಗಡೆಯಾದ ಇಪಿಗೆ ಅಂಖು ಕೊಟ್ಟ ಮೊದಲ ಕೆಲಸ ಏರಿ ಮುಚ್ಚುವುದು. ಸೆನ್ಬಿ ಹೋಗಿ ನೋಡಿದಾಗ ಅವನು ಮಣ್ಣಿನ ಬುಟ್ಟಿಯನ್ನು ಪಕ್ಕಕ್ಕಿಟ್ಟು ಹರಿಯುವ ನೀರಿನ ಬಳಿ ಕೂತಿದ್ದ.

“ಮುಚ್ಚಯ್ಯಾ,” ಎಂದು ಖುಯಿ ಗದರಿದ.

ಇಪಿ ಸೆನ್ಬಿಯ ಕಡೆ ತಿರುಗಿದ. “ನನ್ನ ಅತ್ತೆ ಊರು ಇನ್ನೂ ದೂರ ಸ್ವಾಮಿ. ನೀರು ಮುಟ್ಟಿರೋದಿಲ್ಲ.”

ಸೆನ್ಬಿ ಬಗ್ಗಿ ಬುಟ್ಟಿಯಿಂದ ಒಂದು ಹಿಡಿ ಮಣ್ಣು ತೆಗೆದು ಹಿಂಡಿದ. ಆಮೇಲೆ ಖುಯಿಯನ್ನು ಕರೆದು, ಮಣ್ಣು ತೀರಾ ಹಸಿಯಾಗಿದೆ, ಇವತ್ತು ಏರಿ ಮುಚ್ಚಲು ಆಗುವುದಿಲ್ಲ ಎಂದು ವರದಿಯಲ್ಲಿ ಬರೆಸಿದ.